ಹಲಸಿನ ಮೇಳದಲ್ಲಿ ರುಚಿ ನೋಡಿದ ಹಣ್ಣಿಗೆ ಹೆಸರೇ ಇಲ್ಲದಿದ್ದರೆ ಮೇಳ ಯಾರಿಗಾಗಿ?

ಬಸವನಗುಡಿ ನಿವಾಸಿ

ಈ ಜೂನ್‌ನಲ್ಲಿ ನಗರದಲ್ಲಿ ನಡೆದ ಒಂದು ಹಲಸಿನ ಮೇಳಕ್ಕೆ ಮನೆಯವರೊಂದಿಗೆ ಹೋಗಿದ್ದೆ. ಆಯೋಜಕರ ಹೆಸರು ಹೇಳುವ ಉದ್ದೇಶ ನನಗಿಲ್ಲ. ಆದರೆ ಅಲ್ಲಿ ಕಂಡ ಎರಡು ಸಂಗತಿಗಳ ಬಗ್ಗೆ ಇಲ್ಲಿರುವ ಬೆಳೆಗಾರರನ್ನೂ ಅಡುಗೆ ಬಲ್ಲವರನ್ನೂ ಕೇಳಬೇಕೆನಿಸಿದೆ.

ಮೊದಲನೆಯದು ರುಚಿ ನೋಡುವ ಮೇಜು. ಕೆಂಪು, ಹಳದಿ ಮತ್ತು ಕೆನೆ ಬಣ್ಣದ ತೊಳೆಗಳನ್ನೆಲ್ಲ ಒಂದೇ ತಟ್ಟೆಯಲ್ಲಿ ಬೆರೆಸಿ ಇಟ್ಟಿದ್ದರು. ಅವುಗಳಲ್ಲಿ ಒಂದು ತೊಳೆ ಗರಿಗರಿಯಾಗಿ, ಹದವಾದ ಸಿಹಿಯಿಂದ ಬಹಳ ಚೆನ್ನಾಗಿತ್ತು. ಅದು ಯಾವ ತಳಿ, ಯಾವ ಊರಿನ ತೋಟದ್ದು ಎಂದು ವಿಚಾರಿಸಿದಾಗ ಮೇಜಿನ ಬಳಿ ನಿಂತಿದ್ದ ಯಾರಿಗೂ ಗೊತ್ತಿರಲಿಲ್ಲ. ಆ ಹಣ್ಣನ್ನು ಇನ್ನೊಮ್ಮೆ ಕೊಳ್ಳುವುದಕ್ಕೆ ನನಗೆ ದಾರಿಯೇ ಇಲ್ಲ.

ಎರಡನೆಯದು ಅಡುಗೆಯ ಪ್ರಾತ್ಯಕ್ಷಿಕೆ. ಮೊದಲೇ ಹೆಚ್ಚಿ, ಬೇಯಿಸಿ ತಂದಿದ್ದ ಕಾಯಿಯಿಂದ ಬಾಣಸಿಗರೊಬ್ಬರು ವೇದಿಕೆಯ ಮೇಲೆ ಬಿರಿಯಾನಿ ಮಾಡಿ ತೋರಿಸಿದರು. ನಮ್ಮಂಥವರು ಹಲಸನ್ನು ಮನೆಗೆ ತರದೆ ಇರುವುದು ಬಿರಿಯಾನಿ ಬಾರದ ಕಾರಣದಿಂದಲ್ಲ, ಅಂಟಿಗೆ ಹೆದರಿ. ಇಡೀ ಕಾಯಿಯನ್ನು ಜನರೆದುರು ಕೊಯ್ದು ತೋರಿಸುವ ಕೆಲಸವನ್ನು ಯಾಕೆ ಬಿಟ್ಟರು? ನೀವು ನೋಡಿದ ಮೇಳಗಳಲ್ಲಿಯೂ ಹೀಗೆಯೇ ಇರುತ್ತದೆಯೆ?

ಗುಬ್ಬಿ ತೋಟಗಾರ

ತಾವು ಹೇಳಿದ ಮೊದಲ ಮಾತು ನಮ್ಮಂಥ ಬೆಳೆಗಾರರ ಹಳೆಯ ನೋವು. ಹಲಸು ಪರಕೀಯ ಪರಾಗಸ್ಪರ್ಶದ ಮರ, ಅಂದರೆ ಬೇರೆ ಮರದ ಪರಾಗದಿಂದ ಕಾಯಿ ಕಟ್ಟುತ್ತದೆ. ಬೀಜದಿಂದ ಹುಟ್ಟಿದ ಪ್ರತಿಯೊಂದು ಮರದ ಹಣ್ಣೂ ತಾಯಿಮರಕ್ಕಿಂತ ಬೇರೆಯಾಗಿರುತ್ತದೆ. ಒಂದೇ ತೋಟದ ಹತ್ತು ಮರಗಳಲ್ಲಿ ಹತ್ತು ರುಚಿ ಇರುವುದು ಇದರಿಂದಲೇ. ಹಾಗಿರುವಾಗ ‘ಹಲಸು’ ಎಂದಷ್ಟೇ ಹೇಳಿ ತೊಳೆಯನ್ನು ಕೈಗಿತ್ತರೆ ತಿಂದವರಿಗೆ ಏನನ್ನೂ ಹೇಳಿದಂತಾಗುವುದಿಲ್ಲ.

ನಮ್ಮ ತಾಲ್ಲೂಕಿನ ಚೇಳೂರಿನ ‘ಸಿದ್ದು’ ಹಲಸು ಇದಕ್ಕೆ ಒಳ್ಳೆಯ ಉದಾಹರಣೆ. ತಾಮ್ರಗೆಂಪು ತೊಳೆಯ ಆ ಒಂದು ಮರವನ್ನು ರೈತ ಪರಮೇಶ ಅವರ ಕುಟುಂಬ ಕಾಪಾಡಿಕೊಂಡು ಬಂದಿತ್ತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅದನ್ನು ಗುರುತಿಸಿ, 2017ರಲ್ಲಿ ಕುಟುಂಬದೊಡನೆ ಒಪ್ಪಂದ ಮಾಡಿಕೊಂಡು ಕಸಿ ಗಿಡಗಳನ್ನು ಬೆಳೆಸಿದರು. ಗಿಡದ ಮಾರಾಟದಿಂದ ಬರುವ ಹಣದಲ್ಲಿ ಮುಕ್ಕಾಲು ಪಾಲು ರೈತರಿಗೆ ಸಲ್ಲುವಂತೆ ಮಾಡಿದರು. ಅವರ ತಂದೆ ಸಿದ್ದಪ್ಪನವರ ಹೆಸರೇ ಆ ತಳಿಗೆ ಉಳಿಯಿತು. ಹೆಸರು ಮತ್ತು ವಿಳಾಸ ಇದ್ದುದರಿಂದಲೇ ಇದೆಲ್ಲ ಸಾಧ್ಯವಾಯಿತು. ಅದೇ ಹಣ್ಣನ್ನು ಹೆಸರಿಲ್ಲದ ತಟ್ಟೆಯಲ್ಲಿ ಬೆರೆಸಿದ್ದರೆ ತಿಂದವರು ಚೆನ್ನಾಗಿದೆ ಎಂದು ಹೇಳಿ ಮುಂದೆ ಹೋಗುತ್ತಿದ್ದರು.

ಮೈಸೂರು ರಸ್ತೆ

ತಟ್ಟೆಯ ಮುಂದೆ ಒಂದು ಚೀಟಿ ಬರೆದಿಡಲು ಎಷ್ಟು ಹೊತ್ತು ಬೇಕು? ಇಷ್ಟು ಸಣ್ಣ ಕೆಲಸವನ್ನು ಮಾಡಿಸಲಾಗದವರು ಮೇಳವನ್ನೇಕೆ ನಡೆಸಬೇಕು?

ಮೇಳದ ಸ್ವಯಂಸೇವಕ

ಮೈಸೂರು ರಸ್ತೆಯವರೇ, ಬೇರೊಂದು ಊರಿನ ಹಲಸಿನ ಮೇಳದಲ್ಲಿ ನಾನು ದುಡಿದಿದ್ದೇನೆ. ಹೊರಗಿನಿಂದ ಕಾಣುವಷ್ಟು ಸುಲಭದ ಕೆಲಸ ಅದಲ್ಲ. ಮಾವಿನಂತೆ ಹಲಸನ್ನು ಪೆಟ್ಟಿಗೆಗಟ್ಟಲೆ ಒಂದೇ ಹದದಲ್ಲಿ ತರಲಾಗುವುದಿಲ್ಲ. ಬಲಿತ ಕಾಯಿಯನ್ನು ಕೊಯ್ದ ಮೇಲೆ ಯಾವುದು ಮೂರು ದಿನಕ್ಕೆ ಹಣ್ಣಾಗುತ್ತದೆ, ಯಾವುದು ವಾರ ತೆಗೆದುಕೊಳ್ಳುತ್ತದೆ ಎಂಬುದನ್ನು ಬೆಳೆಗಾರರೂ ಖಚಿತವಾಗಿ ಹೇಳಲಾರರು. ಶನಿವಾರ ಬೆಳಗ್ಗೆ ಯಾವ ಮರದ ಹಣ್ಣು ಹದಕ್ಕೆ ಬಂದಿರುತ್ತದೋ ಅದನ್ನೇ ಕೊಯ್ಯಬೇಕಾಗುತ್ತದೆ. ಜನಸಂದಣಿ ಹೆಚ್ಚಿದಾಗ ತಟ್ಟೆ ಖಾಲಿಯಾಗುತ್ತಲೇ ಇರುತ್ತದೆ. ಇನ್ನೊಂದು ಹಣ್ಣಿನ ತೊಳೆಗಳು ಅದೇ ತಟ್ಟೆಗೆ ಬೀಳುತ್ತವೆ. ಅದು ಸರಿ ಎಂದು ನಾನು ಹೇಳುತ್ತಿಲ್ಲ, ಆಗುವುದು ಹೀಗೆ ಎಂದು ತಿಳಿಸುತ್ತಿದ್ದೇನೆ.

ಇನ್ನು ಹಣದ ಮಾತು. ಚಪ್ಪರ, ವಿದ್ಯುತ್, ನೀರು, ಕಸ ವಿಲೇವಾರಿ, ಇವೆಲ್ಲದರ ವೆಚ್ಚ ಹುಟ್ಟುವುದು ಮಳಿಗೆಗಳ ಬಾಡಿಗೆಯಿಂದ. ಬೆಳೆಗಾರರಿಂದ ಹೆಚ್ಚು ಬಾಡಿಗೆ ಕೇಳಲಾಗುವುದಿಲ್ಲವಾದ್ದರಿಂದ ತಿಂಡಿ ಮಳಿಗೆಗಳಿಗೆ ಜಾಗ ಕೊಡಲೇಬೇಕಾಗುತ್ತದೆ.

ವಿಟ್ಲದ ಮನೆ

ತಿಂಡಿ ಮಳಿಗೆ ಇರಲಿ, ಬೇಡವೆನ್ನುವವರು ಯಾರೂ ಇಲ್ಲ. ಆದರೆ ಹಲಸಿನ ಮೇಳದ ತಿಂಡಿ ಮಳಿಗೆಯಲ್ಲಿ ಗೋಬಿ ಮಂಚೂರಿ, ಫ್ರೆಂಚ್ ಫ್ರೈಸ್ ಮಾರುವುದೇಕೆ? ಹಲಸಿನ ಹಣ್ಣಿನಿಂದ ಮಾಡಿ ಕರಿದ ಮುಳುಕ ಇದೆ, ತೇಗದ ಎಲೆಯಲ್ಲಿ ಬೇಯಿಸಿದ ‘ಗಟ್ಟಿ’ ಎಂಬ ಕಡುಬು ಇದೆ, ಸೊಳೆಯ (ತೊಳೆಯನ್ನು ನಾವು ಹೀಗೆನ್ನುತ್ತೇವೆ) ದೋಸೆ ಇದೆ, ಉಪ್ಪಿನಲ್ಲಿ ಹಾಕಿಟ್ಟ ಕಾಯಿಯ ತೊಳೆ, ಅಂದರೆ ಉಪ್ಪು ಸೊಳೆಯಿಂದ ಮಾಡಿ ಕರಿಯುವ ಉಂಡ್ಲಕಾಳು ಇದೆ, ಹಣ್ಣನ್ನು ಬೆಲ್ಲದೊಂದಿಗೆ ಗಟ್ಟಿಯಾಗಿ ಕಾಯಿಸಿದ ಬೆರಟಿಯ ಪಾಯಸ ಇದೆ, ಬೀಜವನ್ನು ಉಪ್ಪಿನಲ್ಲಿ ಬೇಯಿಸಿ ಒಣಗಿಸಿದ ಸಾಂತಣಿ ಇದೆ. ನಮ್ಮ ಕಡೆಯ ಹೆಂಗಸರನ್ನು ಕರೆದು ಒಲೆ, ಎಣ್ಣೆ, ಜಾಗ ಒದಗಿಸಿದರೆ ಇವೆಲ್ಲವನ್ನೂ ಬಿಸಿಬಿಸಿಯಾಗಿ ಮಾಡಿಕೊಡುತ್ತಾರೆ. ‘ಹಲಸಿನ ಪದಾರ್ಥವಲ್ಲದೆ ಬೇರೇನನ್ನೂ ಮಾರುವಂತಿಲ್ಲ’ ಎಂಬ ಒಂದು ಷರತ್ತನ್ನು ಬಾಡಿಗೆ ಪತ್ರದಲ್ಲಿ ಸೇರಿಸುವುದಕ್ಕೆ ಖರ್ಚೇನೂ ಇಲ್ಲವಲ್ಲ.

ಮೇಳದ ಸ್ವಯಂಸೇವಕ

ಅಕ್ಕ, ಷರತ್ತು ಹಾಕಿದರೆ ಬಾಡಿಗೆ ಕೊಡುವವರೇ ಬರುವುದಿಲ್ಲ ಎಂಬ ಭಯ ಆಯೋಜಕರಿಗಿದೆ. ಮಕ್ಕಳನ್ನು ಕರೆತರುವವರು ಮಕ್ಕಳಿಗೆ ಬೇಕಾದುದನ್ನೂ ಕೇಳುತ್ತಾರೆ.

ವಿಟ್ಲದ ಮನೆ

ಮುಳುಕವನ್ನು ಒಮ್ಮೆ ತುಪ್ಪ ಹಚ್ಚಿ ಕೊಟ್ಟು ನೋಡಿ, ಮಕ್ಕಳು ಬೇರೆ ಯಾವುದನ್ನೂ ಕೇಳುವುದಿಲ್ಲ. ಮಕ್ಕಳಿಗೆ ರುಚಿ ತೋರಿಸುವುದಕ್ಕೆ ಮೊದಲೇ ಅವರಿಗೆ ಇದು ಬೇಡ ಎಂದು ನಾವು ತೀರ್ಮಾನಿಸುವುದು ನ್ಯಾಯವಲ್ಲ.

ಪಥ್ಯಾಹಾರ

ಎರಡನೆಯ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲವಲ್ಲ. ಅಂಟಿನ ಭಯ ನನಗೂ ಇದೆ. ಕಾಯಿ ಕೊಯ್ಯುವ ಕ್ರಮವನ್ನು ಬಲ್ಲವರು ದಯವಿಟ್ಟು ಇಲ್ಲಿಯೇ ವಿವರವಾಗಿ ಬರೆಯುವಿರಾ?

ಶಿರಸಿ ಕಡೆಯವಳು

ಬರೆಯುತ್ತೇನೆ. ನೆಲದ ಮೇಲೆ ಹಳೆಯ ಪತ್ರಿಕೆಗಳನ್ನು ದಪ್ಪವಾಗಿ ಹಾಸಿಕೊಳ್ಳಿ. ಎರಡೂ ಕೈಗಳಿಗೆ, ಬೆರಳ ಸಂದುಗಳಿಗೂ ಬಿಡದಂತೆ, ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಕತ್ತಿಯ ಎರಡೂ ಬದಿಗೆ ಎಣ್ಣೆ ಹಚ್ಚಿ. ಕಾಯಿಯನ್ನು ಅಡ್ಡಲಾಗಿ ಎರಡು ಹೋಳು ಮಾಡಿದೊಡನೆ ಮೇಣ ಬಿಳಿಯ ಹಾಲಿನಂತೆ ಒಸರತೊಡಗುತ್ತದೆ. ಹೊಸಬರು ತಪ್ಪುವುದು ಇಲ್ಲಿಯೇ. ಅವರು ಕೊಯ್ಯುತ್ತಲೇ ಹೋಗುತ್ತಾರೆ. ಹಾಗೆ ಮಾಡದೆ ಕತ್ತಿಯನ್ನು ಕೆಳಗಿಟ್ಟು, ಒಸರುವುದು ನಿಲ್ಲುವ ತನಕ ತೆಂಗಿನ ನಾರಿನಿಂದಲೋ ಕಾಗದದಿಂದಲೋ ಒರೆಸುತ್ತಾ ಇರಬೇಕು. ಆಮೇಲೆ ಪ್ರತಿ ಹೋಳನ್ನೂ ಉದ್ದಕ್ಕೆ ಸೀಳಿ, ನಡುವಿನ ಗೂಂಜನ್ನು ಕೊಯ್ದು ತೆಗೆದರೆ ಮೇಣದ ಬಹುಪಾಲು ಅದರೊಂದಿಗೇ ಹೋಗುತ್ತದೆ. ಉಳಿದ ಸೊಳೆಗಳನ್ನು ಬಿಡಿಸುವುದು ಕಷ್ಟವಲ್ಲ. ಕೆಲಸ ಮುಗಿದ ಮೇಲೆ ಕೈಗೆ ನೀರು ತಾಗಿಸಬೇಡಿ. ಮೊದಲು ಮತ್ತೆ ಎಣ್ಣೆ ಹಚ್ಚಿ ಉಜ್ಜಿ, ಕಾಗದದಲ್ಲಿ ಒರೆಸಿ, ನಂತರ ಸೋಪು ಹಚ್ಚಿ ತೊಳೆಯಿರಿ.

ಇಷ್ಟನ್ನು ಓದಿ ಕಲಿಯುವುದಕ್ಕಿಂತ ಕಣ್ಣಾರೆ ನೋಡಿ ಕಲಿಯುವುದು ಸುಲಭ. ಯಾವ ಹೊತ್ತಿಗೆ ಕತ್ತಿಯನ್ನು ಕೆಳಗಿಡಬೇಕು ಎಂಬುದು ಕಣ್ಣಿಗೆ ತಿಳಿಯಬೇಕು. ಮೇಳದ ಪ್ರಾತ್ಯಕ್ಷಿಕೆ ಎಂದರೆ ಇದೇ ಆಗಿರಬೇಕಿತ್ತು. ಕೊಯ್ಯುವುದನ್ನು ಬಲ್ಲ ಅಜ್ಜಿಯೊಬ್ಬರನ್ನು ವೇದಿಕೆಯ ಮೇಲೆ ಕೂರಿಸಿ, ನೋಡುವವರಲ್ಲಿ ನಾಲ್ವರನ್ನು ಮೇಲಕ್ಕೆ ಕರೆದು ಅವರ ಕೈಯಿಂದಲೂ ಒಂದು ಕಾಯಿಯನ್ನು ಕೊಯ್ಯಿಸಿದರೆ ಆ ನಾಲ್ವರು ಮರುದಿನ ಇಡೀ ಕಾಯಿಯನ್ನು ಕೊಳ್ಳುತ್ತಾರೆ.

ಪಥ್ಯಾಹಾರ

ಬಹಳ ಉಪಕಾರವಾಯಿತು ಅಕ್ಕ. ಕತ್ತಿ ಕೆಳಗಿಡುವ ಸೂಕ್ಷ್ಮವನ್ನು ಈವರೆಗೆ ಯಾರೂ ಹೇಳಿರಲಿಲ್ಲ.

ಮೈಸೂರು ರಸ್ತೆ

ಆದರೂ ಬಿರಿಯಾನಿ ಮಾಡಿ ತೋರಿಸಿದ್ದರಲ್ಲಿ ತಪ್ಪೇನಿದೆ ಎಂದು ನನಗೆ ತಿಳಿಯುತ್ತಿಲ್ಲ. ಹೊಸ ತಲೆಮಾರಿನವರು ಬರಬೇಕಾದರೆ ಹೊಸ ಅಡುಗೆಯೂ ಬೇಕು. ಎಳೆಯ ಹಲಸನ್ನು ಉಪ್ಪುನೀರಿನಲ್ಲಿ ಹಾಕಿ ಡಬ್ಬಿ ಮಾಡಿ, ಮಾಂಸದ ಬದಲಿಗೆ ಬಳಸುವ ಪದಾರ್ಥವೆಂದು ಯೂರೋಪ್, ಅಮೆರಿಕಗಳ ಅಂಗಡಿಗಳಲ್ಲಿ ಮಾರುತ್ತಿದ್ದಾರೆ. ಅಲ್ಲಿಯವರು ಅದರಿಂದ ಬಗೆಬಗೆಯ ತಿನಿಸು ಮಾಡುತ್ತಿರುವಾಗ ನಾವು ಹಪ್ಪಳ, ಪಲ್ಯಗಳಲ್ಲಿಯೇ ನಿಂತಿರಬೇಕೆ?

ಶಿರಸಿ ಕಡೆಯವಳು

ಹೊಸದನ್ನು ಮಾಡಬಾರದೆಂದು ನಾನು ಹೇಳಿಲ್ಲ. ಕಾಯಿಯನ್ನು ಮನೆಯೊಳಕ್ಕೆ ತರುವ ಧೈರ್ಯ ಮೊದಲು ಬರಬೇಕು, ಬಿರಿಯಾನಿಯೋ ಪಲ್ಯವೋ ಆಮೇಲಿನದು ಎನ್ನುತ್ತಿದ್ದೇನೆ.

ಮೇಳದ ವೇಳೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಜೂನ್‌ನಲ್ಲಿ ಗುಜ್ಜೆಯ ಪಲ್ಯವನ್ನು ತೋರಿಸುತ್ತೇವೆ ಎನ್ನುವವರು ಗುಜ್ಜೆಯನ್ನು ಎಲ್ಲಿಂದ ತರುತ್ತಾರೆ? ಬೀಜ ಗಟ್ಟಿಯಾಗುವ ಮೊದಲಿನ ಎಳೆಯ ಕಾಯಿ ನಮ್ಮ ಕಡೆ ಹೆಚ್ಚಾಗಿ ಸಿಗುವುದು ಜನವರಿಯಿಂದ ಮಾರ್ಚ್‌ವರೆಗೆ. ಹೆಚ್ಚಿದ ಹೋಳು ಕಪ್ಪಾಗದಂತೆ ಮಜ್ಜಿಗೆ ನೀರಿನಲ್ಲಿ ಹಾಕಿಡುವುದನ್ನು ಆಗಲೇ ತೋರಿಸಬೇಕು. ಹಪ್ಪಳದ ಕೆಲಸ ಏಪ್ರಿಲ್, ಮೇ ತಿಂಗಳ ಬಿಸಿಲಿನದು: ಬಲಿತ ಕಾಯಿಯ ಸೊಳೆಯನ್ನು ಹಬೆಯಲ್ಲಿ ಬೇಯಿಸಿ, ಉಪ್ಪು, ಮೆಣಸು, ಜೀರಿಗೆ ಹಾಕಿ ಕುಟ್ಟಿ, ಉಂಡೆ ಮಾಡಿ, ಒತ್ತಿ ಒಣಗಿಸಬೇಕು. ಮಳೆ ಹಿಡಿದ ಮೇಲೆ ಹಪ್ಪಳದ ಪ್ರಾತ್ಯಕ್ಷಿಕೆ ಇಟ್ಟರೆ ಒತ್ತುವುದನ್ನು ತೋರಿಸಬಹುದು, ಒಣಗಿಸುವುದನ್ನು ತೋರಿಸಲಾಗದು. ಆದ್ದರಿಂದ ಫೆಬ್ರವರಿಯಲ್ಲಿ ಗುಜ್ಜೆಗಾಗಿ ಒಂದು ಸಣ್ಣ ಮೇಳವನ್ನೂ ಜೂನ್‌ನಲ್ಲಿ ಹಣ್ಣಿಗಾಗಿ ಇನ್ನೊಂದನ್ನೂ ನಡೆಸುವುದು ಸರಿಯಾದ ಕ್ರಮ.

ಪೆರ್ಲದ ಕನ್ನಡಿಗ

ಇದು ಬಹಳ ಒಳ್ಳೆಯ ಸಲಹೆ. ಕಾಸರಗೋಡಿನ ನಮ್ಮ ಮನೆಗಳಲ್ಲಿ ಗುಜ್ಜೆಯಿಂದ ಆರಂಭವಾದ ಹಲಸಿನ ಅಡುಗೆ ಮಳೆಗಾಲದ ಉಪ್ಪು ಸೊಳೆಯವರೆಗೂ ನಡೆಯುತ್ತಿತ್ತು. ಕೇರಳ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿತು. ಆದರೆ ಘೋಷಣೆಗಿಂತ ಎಷ್ಟೋ ಮೊದಲೇ ಪುತ್ತೂರಿನ ಕೃಷಿ ಮಾಸಿಕ ‘ಅಡಿಕೆ ಪತ್ರಿಕೆ’ಯಲ್ಲಿ ಪತ್ರಕರ್ತ ಶ್ರೀ ಪಡ್ರೆಯವರು ಹಲಸಿನ ಬೆಳೆಗಾರರ, ಅದರಿಂದ ಉತ್ಪನ್ನ ಮಾಡುವವರ ವಿಳಾಸ ಸಹಿತ ಬರೆಯುತ್ತಾ ಬಂದಿದ್ದರು. ಓದಿದವರು ನೇರವಾಗಿ ಬೆಳೆಗಾರರನ್ನೇ ಸಂಪರ್ಕಿಸುತ್ತಿದ್ದರು. ಮೇಳದ ತಟ್ಟೆಯ ಮುಂದೆ ಇರಬೇಕಾದುದೂ ಅದೇ ವಿವರ.

ಬಸವನಗುಡಿ ನಿವಾಸಿ

ಇಷ್ಟೊಂದು ಉತ್ತರಗಳು ಬಂದುದಕ್ಕೆ ಸಂತೋಷವಾಗಿದೆ. ಸ್ವಯಂಸೇವಕರೇ, ಬೇರೆ ಬೇರೆ ಹಣ್ಣಿನ ತೊಳೆಗಳು ಒಂದೇ ತಟ್ಟೆಗೆ ಬೀಳುವುದನ್ನು ತಡೆಯಲು ಏನು ಮಾಡಬಹುದು?

ಮೇಳದ ಸ್ವಯಂಸೇವಕ

ರುಚಿ ನೋಡುವುದಕ್ಕೆ ಸಣ್ಣ ಶುಲ್ಕವಿಟ್ಟರೆ ನೂಕುನುಗ್ಗಲು ಕಡಿಮೆಯಾಗುತ್ತದೆ. ಇಪ್ಪತ್ತು ರೂಪಾಯಿಯ ಚೀಟಿ ಕೊಂಡವರಿಗೆ ಐದು ತಳಿಗಳ ಒಂದೊಂದು ತೊಳೆಯನ್ನು ಬೇರೆ ಬೇರೆ ಮೇಜುಗಳಲ್ಲಿ ಕೊಡಬಹುದು. ಬಂದ ಹಣದಿಂದ ಮೇಜಿಗೊಬ್ಬ ತಿಳಿದವರನ್ನು ನಿಲ್ಲಿಸಬಹುದು, ನೊಣಗಳಿಂದ ಕಾಪಾಡಲು ಬಲೆಯ ಮುಚ್ಚಳಗಳನ್ನೂ ತರಬಹುದು.

ಸಂಘದ ಸದಸ್ಯೆ

ಹಣ ಕೊಟ್ಟು ರುಚಿ ನೋಡಬೇಕೆಂದರೆ ಯಾರು ಬರುತ್ತಾರೆ? ನಮ್ಮ ಸ್ವಸಹಾಯ ಸಂಘದವರು ಹಪ್ಪಳ, ಚಿಪ್ಸ್ ಮಾರಲು ಮೇಳಗಳಿಗೆ ಹೋಗುತ್ತೇವೆ. ಒಂದು ಚಿಪ್ಸ್ ತಿನ್ನಲು ಕೊಟ್ಟರೆ ಮಾತ್ರ ಪೊಟ್ಟಣ ಮಾರಾಟವಾಗುತ್ತದೆ. ಮೈದಾನದೊಳಗೆ ಕಾಲಿಡುವವರಿಗೆ ಮೊದಲ ತೊಳೆ ಉಚಿತವಾಗಿಯೇ ಸಿಗಬೇಕು.

ಗುಬ್ಬಿ ತೋಟಗಾರ

ನಾನು ತಂಗಿಯ ಪಕ್ಷ. ಆದರೆ ಉಚಿತವೆಂದರೆ ವೆಚ್ಚ ಬೆಳೆಗಾರನ ತಲೆಯ ಮೇಲೆ ಬೀಳಬಾರದು. ಹಲಸಿನ ಹಣ್ಣಿನ ತೂಕದಲ್ಲಿ ತಿನ್ನಲು ಸಿಗುವ ತೊಳೆ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ. ಅದನ್ನೆಲ್ಲ ಹಂಚಿ, ಉಳಿದ ಸಿಪ್ಪೆ ಮತ್ತು ಗೂಂಜನ್ನು ಬೆಳೆಗಾರನೇ ಹೊತ್ತುಕೊಂಡು ಹೋಗಬೇಕೆಂದರೆ ಅವನು ಮುಂದಿನ ವರ್ಷ ಬರುವುದಿಲ್ಲ. ರುಚಿ ನೋಡಲು ಕೊಯ್ಯುವ ಹಣ್ಣನ್ನು ಆಯೋಜಕರು ಬೆಲೆ ಕೊಟ್ಟು ಕೊಳ್ಳಬೇಕು. ಪ್ರತಿ ಹಣ್ಣಿಗೂ ಬೇರೆ ತಟ್ಟೆ, ಅದರ ಹಿಂದೆ ಹಣ್ಣಿನ ಅರ್ಧ ಹೋಳನ್ನು ಹಾಗೆಯೇ ನಿಲ್ಲಿಸಿಟ್ಟು, ಅದಕ್ಕೆ ಬೆಳೆಗಾರನ ಊರು ಮತ್ತು ಮಳಿಗೆಯ ಸಂಖ್ಯೆ ಬರೆದ ಚೀಟಿಯನ್ನು ಚುಚ್ಚಿದರೆ ಸಾಕು. ಆ ಹಣ್ಣಿನ ತೊಳೆಗಳು ಮುಗಿದಾಗ ಚೀಟಿಯನ್ನೂ ತೆಗೆಯಬೇಕು. ತಳಿಗೆ ಹೆಸರಿಲ್ಲದಿದ್ದರೆ ‘ಬೀಜದ ಮರ’ ಎಂದು ಬರೆಯಲಿ, ಅದೂ ಒಂದು ಮಾಹಿತಿಯೇ.

ಮೇಳದ ಸ್ವಯಂಸೇವಕ

ಅರ್ಧ ಹೋಳಿಗೆ ಚೀಟಿ ಚುಚ್ಚುವ ಕ್ರಮ ನನಗೆ ಒಪ್ಪಿಗೆಯಾಯಿತು. ಹಣ್ಣು ಬದಲಾದರೆ ಚೀಟಿ ತಾನಾಗಿಯೇ ಬದಲಾಗುತ್ತದೆ, ಮೇಜಿನ ಬಳಿ ಇರುವವರು ನೆನಪಿಟ್ಟುಕೊಳ್ಳಬೇಕಾದುದೂ ಇಲ್ಲ. ಮುಂದಿನ ಸಭೆಯಲ್ಲಿ ಇದನ್ನು ಖಂಡಿತವಾಗಿ ಮಂಡಿಸುತ್ತೇನೆ. ಶುಲ್ಕದ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬದಲಾಗಿಲ್ಲ.

ದೊಡ್ಡಬಳ್ಳಾಪುರದವನು

ನಮ್ಮ ತಾಲ್ಲೂಕಿನ ತೂಬಗೆರೆಯಲ್ಲಿ ಹಲಸು ಬೆಳೆಗಾರರದೇ ಸಂಘವಿದ್ದು, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ನೆರವಿನಿಂದ ಬೆಳೆದುಬಂದಿದೆ. ಊರಿನ ಹೆಸರಿನಿಂದಲೇ ಗಿರಾಕಿಗಳು ಹಣ್ಣನ್ನು ಗುರುತಿಸುತ್ತಾರೆ. ಮೇಳಕ್ಕೆ ಬೆಳೆಗಾರರನ್ನು ಒಬ್ಬೊಬ್ಬರಾಗಿ ಕರೆಯುವ ಬದಲು ಇಂಥ ಸಂಘಗಳನ್ನು ಕರೆದರೆ ಮಾಗಿದ ಹಣ್ಣಿನ ಕೊರತೆಯೂ ನೀಗುತ್ತದೆ: ಒಬ್ಬರ ತೋಟದ್ದು ಹದಕ್ಕೆ ಬಾರದಿದ್ದರೆ ಇನ್ನೊಬ್ಬರದು ಬಂದಿರುತ್ತದೆ.

ಇಬ್ಬರೇ ಇರುವ ಮನೆಯವರು ಹತ್ತು ಹದಿನೈದು ಕಿಲೋದ ಹಣ್ಣನ್ನು ಕೊಂಡು ಏನು ಮಾಡಬೇಕು ಎಂಬುದೂ ಯೋಚಿಸಬೇಕಾದ ಸಂಗತಿ. ಬಿಡಿಸಿದ ತೊಳೆಯನ್ನು ತೂಕಕ್ಕೆ ಮಾರುವ ಏರ್ಪಾಡು ಪ್ರತಿ ಮೇಳದಲ್ಲಿಯೂ ಇರಬೇಕು.

ಗುಬ್ಬಿ ತೋಟಗಾರ

ನಿಜ. ಸಿದ್ದು ಹಲಸು ನಗರದವರಿಗೆ ಹಿಡಿಸಿದ್ದರಲ್ಲಿ ಬಣ್ಣದ ಪಾಲು ಎಷ್ಟಿದೆಯೋ ಗಾತ್ರದ ಪಾಲೂ ಅಷ್ಟೇ ಇದೆ. ಸರಾಸರಿ ಎರಡೂವರೆ ಕಿಲೋ ತೂಗುವ ಹಣ್ಣನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಒಯ್ಯಬಹುದು.

ಪಥ್ಯಾಹಾರ

ಇನ್ನೊಂದು ವಿಷಯದ ಬಗ್ಗೆ ಎಚ್ಚರಿಸಬೇಕಾಗಿದೆ. ಹಲಸಿನ ಕಾಯಿಯ ಹಿಟ್ಟನ್ನು ಮಾರುವ ಕೆಲವು ಮಳಿಗೆಗಳಲ್ಲಿ ‘ಸಕ್ಕರೆ ಕಾಯಿಲೆ ಗುಣವಾಗುತ್ತದೆ’ ಎಂದು ಫಲಕ ಹಾಕಿರುವುದನ್ನು ಕಂಡಿದ್ದೇನೆ. ಹಸಿ ಕಾಯಿಗೂ ಮಾಗಿದ ಹಣ್ಣಿಗೂ ಸಕ್ಕರೆಯ ಅಂಶದಲ್ಲಿ ಬಹಳ ಅಂತರವಿದೆ ಎಂಬುದು ನಿಜ. ಆದರೆ ಅಂಥ ಫಲಕವನ್ನು ನಂಬಿ ಯಾರಾದರೂ ವೈದ್ಯರು ಕೊಟ್ಟ ಮಾತ್ರೆಯನ್ನು ನಿಲ್ಲಿಸಿದರೆ ಅಪಾಯವಾಗುತ್ತದೆ. ಜನರನ್ನು ದಾರಿತಪ್ಪಿಸುವ ಇಂಥ ಜಾಹೀರಾತಿಗೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಲ್ಲಿ ದಂಡವಿದೆ. ಪೊಟ್ಟಣ ಕೊಳ್ಳುವಾಗ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಸಂಖ್ಯೆ, ತಯಾರಾದ ದಿನಾಂಕ, ಕರಿದ ಎಣ್ಣೆಯ ಹೆಸರು, ಈ ಮೂರನ್ನೂ ನೋಡಿ ಕೊಳ್ಳಿ.

ಸಂಘದ ಸದಸ್ಯೆ

ಒಪ್ಪುತ್ತೇನೆ ಮೇಡಂ. ನಾವು ಹಿಟ್ಟು ಮಾರುವಾಗ ಚಪಾತಿ ಹಿಟ್ಟಿನೊಂದಿಗೆ ಬೆರೆಸುವುದು ಹೇಗೆ ಎಂಬುದನ್ನಷ್ಟೇ ಹೇಳುತ್ತೇವೆ. ಗುಣವಾಗುತ್ತದೆ ಎನ್ನುವವರಿಂದಾಗಿ ಪ್ರಾಮಾಣಿಕವಾಗಿ ಮಾರುವವರ ಮೇಲೆಯೂ ಜನರಿಗೆ ಅನುಮಾನ ಹುಟ್ಟುತ್ತದೆ.

ಮೈಸೂರು ರಸ್ತೆ

ಮೇಳದಲ್ಲಿ ಕಸಿ ಗಿಡಗಳನ್ನೂ ಮಾರುತ್ತಾರಲ್ಲ, ಅವನ್ನು ನಂಬಿ ಕೊಳ್ಳಬಹುದೆ? ಊರಿನ ಜಮೀನಿನ ಬದುವಿನಲ್ಲಿ ಎರಡು ಗಿಡ ನೆಡಬೇಕೆಂದಿದ್ದೇನೆ.

ಗುಬ್ಬಿ ತೋಟಗಾರ

ಸಂಶೋಧನಾ ಸಂಸ್ಥೆ, ವಿಶ್ವವಿದ್ಯಾಲಯ ಅಥವಾ ತೋಟಗಾರಿಕೆ ಇಲಾಖೆಯ ಮಳಿಗೆಯಲ್ಲಿಯೋ ಅವರಿಂದ ಪರವಾನಗಿ ಪಡೆದವರಲ್ಲಿಯೋ ರಸೀದಿ ಪಡೆದು ಕೊಳ್ಳಿ. ಕಾಂಡದಲ್ಲಿ ಕಸಿ ಕೂಡಿದ ಗಂಟು ಸ್ಪಷ್ಟವಾಗಿ ಕಾಣುತ್ತಿರಬೇಕು. ಕಾಣದಿದ್ದರೆ ಅದು ಬೀಜದ ಗಿಡವೇ ಆಗಿರಬಹುದು. ನೆಡುವಾಗ ಗಂಟು ಮಣ್ಣಿನಿಂದ ಮೇಲೆ ಉಳಿಯಲಿ. ಗಂಟಿನ ಕೆಳಗೆ ಹೊಡೆಯುವ ಚಿಗುರನ್ನು ಚಿವುಟುತ್ತಾ ಇರಬೇಕು, ಇಲ್ಲವಾದರೆ ಬುಡದ ಗಿಡವೇ ಬೆಳೆದು ಕಸಿಯ ಕೊಂಬೆ ಸೊರಗುತ್ತದೆ. ಚೆನ್ನಾಗಿ ನೋಡಿಕೊಂಡರೆ ನಾಲ್ಕೈದು ವರ್ಷಕ್ಕೆ ಫಲ ಕಾಣಬಹುದು. ಗಿಡ ಕೊಳ್ಳುವ ಮೊದಲು ಅದೇ ತಳಿಯ ಹಣ್ಣನ್ನು ತಿಂದು ನೋಡಿ. ಹೆಸರು ಬರೆದ ತಟ್ಟೆ ಬೇಕೆಂದು ನಾವು ಪಟ್ಟು ಹಿಡಿಯುವುದು ಇದಕ್ಕಾಗಿಯೂ ಹೌದು.

ಬಸವನಗುಡಿ ನಿವಾಸಿ

ನನ್ನದೊಂದು ಕೊನೆಯ ಪ್ರಶ್ನೆ. ಮೇಳದಿಂದ ಉಪ್ಪು ಸೊಳೆಯ ಒಂದು ಡಬ್ಬಿ ತಂದಿದ್ದೇವೆ. ಪಲ್ಯ ಮಾಡುವ ಮೊದಲು ಉಪ್ಪನ್ನು ತೆಗೆಯುವುದು ಹೇಗೆ?

ವಿಟ್ಲದ ಮನೆ

ಬೇಕಾದಷ್ಟು ಸೊಳೆಯನ್ನು ಮಾತ್ರ ಒಣ ಚಮಚದಿಂದ ತೆಗೆದು, ಡಬ್ಬಿಯನ್ನು ಕೂಡಲೇ ಮುಚ್ಚಿಡಿ. ತೆಗೆದ ಸೊಳೆಯನ್ನು ಮುಳುಗುವಷ್ಟು ನೀರಿನಲ್ಲಿ ಹಿಂದಿನ ರಾತ್ರಿಯೇ ನೆನೆಸಿ, ಬೆಳಗ್ಗೆ ಆ ನೀರನ್ನು ಚೆಲ್ಲಿ, ಮತ್ತೆರಡು ಸಲ ಹೊಸ ನೀರಿನಲ್ಲಿ ತೊಳೆದು ಹಿಂಡಿ. ಒಂದು ಚೂರನ್ನು ಬಾಯಿಗೆ ಹಾಕಿ ನೋಡಿ. ಉಪ್ಪು ಇನ್ನೂ ಹೆಚ್ಚಿದ್ದರೆ ಇನ್ನೊಂದು ಗಂಟೆ ನೆನೆಯಲಿ. ಒಗ್ಗರಣೆಗೆ ತೆಂಗಿನೆಣ್ಣೆ, ಸಾಸಿವೆ, ಬೆಳ್ಳುಳ್ಳಿ, ಒಣಮೆಣಸು ಹಾಕಿ. ಪಲ್ಯ ಬೆಂದ ಮೇಲೆ ರುಚಿ ನೋಡುವ ತನಕ ಬೇರೆ ಉಪ್ಪು ಹಾಕಬೇಡಿ.